ಸೆರಗಿನ ತುದಿಯ ಬೆಳ್ಳಿ

ಬಂಗಾಳಿ ಹಿಂದೂ ಮದುವೆಗಳಲ್ಲಿ ವಧುವಿನ ಕೈಯಲ್ಲಿ ಕಾಡಿಗೆಯ ಪುಟ್ಟ ಕರಡಿಗೆಯೊಂದಿರುತ್ತದೆ. ಅದರ ಹೆಸರು ‘ಕಾಜಲ್‌ಲತಾ’. ವರನ ಕೈಯಲ್ಲಿರುವುದು ‘ಜಾಂತಿ’, ಅಂದರೆ ನಮ್ಮ ಅಡಕತ್ತರಿ. ಕೆಟ್ಟ ದೃಷ್ಟಿ ತಾಗದಿರಲೆಂಬುದು ನಂಬಿಕೆ. ಬಡವರ ಮನೆಯ ಕರಡಿಗೆ ಅಗ್ಗದ ಲೋಹದ್ದು, ಸ್ಥಿತಿವಂತರದು ಬೆಳ್ಳಿಯದು. ಹೀಗೆ ಒಂದೇ ವಸ್ತು ಹಾರೈಕೆಯೂ ಹೌದು, ಅಂತಸ್ತಿನ ಸಾರಣೆಯೂ ಹೌದು.

ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆ ಈ ಎರಡನ್ನೂ ಚೆನ್ನಾಗಿ ಅರಿತಿತ್ತು. 1808ರಲ್ಲಿ ಇಲ್ಲಿ ಆರಂಭವಾದ ಹ್ಯಾಮಿಲ್ಟನ್ ಅಂಡ್ ಕಂಪನಿ ಆಂಗ್ಲ ಅಧಿಕಾರಿಗಳಿಗೂ ದೇಶೀಯ ಸಿರಿವಂತರಿಗೂ ಬೆಳ್ಳಿಯ ಸಾಮಾನು ಒದಗಿಸಿತು. ಇಂಗ್ಲೆಂಡಿನಲ್ಲಿದ್ದಂತಹ ಕಡ್ಡಾಯ ಪರೀಕ್ಷಾಮುದ್ರೆ ಇಲ್ಲಿರಲಿಲ್ಲವಾಗಿ, ಅದು ತನ್ನ ಹೆಸರಿನೊಂದಿಗೆ ಆನೆಯ ಗುರುತನ್ನು ಒತ್ತುತ್ತಿತ್ತು. ಭವಾನೀಪುರದ ಬೆಳ್ಳಿಕೆಲಸದವರಾದರೋ ಗುಡಿಸಲು, ತಾಳೆಮರ, ನೇಗಿಲು ಹೂಡಿದ ಎತ್ತುಗಳನ್ನು ಉಬ್ಬುಚಿತ್ರವಾಗಿ ಮೂಡಿಸಿದರು. ಸಾಹೇಬರ ಬೆಳ್ಳಿಯ ಡಬ್ಬಿಯ ಮೇಲೆ, ಅದನ್ನೆಂದೂ ಕೊಳ್ಳಲಾರದ ರೈತನ ಬದುಕು!

ಆದರೆ ಬಂಗಾಳಿ ಗೃಹಿಣಿಯ ನಿಜವಾದ ಪದವಿಚಿಹ್ನೆಯೆಂದರೆ ಸೆರಗಿನ ತುದಿಗೆ ಕಟ್ಟಿ ಹೆಗಲ ಮೇಲೆ ಎಸೆದುಕೊಂಡ ಬೀಗದಕೈಗಳ ಗೊಂಚಲು. ಅನುಕೂಲಸ್ಥರಲ್ಲಿ ಗೊಂಚಲಿನ ಉಂಗುರ ಬೆಳ್ಳಿಯದು. ಅತ್ತೆಯಿಂದ ಸೊಸೆಗೆ ಅದು ದಾಟಿತೆಂದರೆ ಮನೆಯ ಆಡಳಿತವೇ ದಾಟಿದಂತೆ. ಐರೋಪ್ಯ ಗೃಹಿಣಿಯರು ಸೊಂಟಕ್ಕೆ ತೂಗಿಬಿಡುತ್ತಿದ್ದ ‘ಶಾಟಲೇನ್’ ಸರಪಳಿಯೂ ಇದೇ ಜಾತಿಯದು. ಆ ಹೆಸರಿಗೆ ಕೋಟೆಯ ಒಡತಿಯೆಂದು ಅರ್ಥ. ಆದರೆ ವಿವಾಹಿತೆಯ ದುಡಿಮೆಯ ಹಣ ಅವಳದೇ ಎಂದು ಇಂಗ್ಲೆಂಡಿನ ಶಾಸನ ಒಪ್ಪಿದ್ದು 1870ರಲ್ಲಿ.

ನಮ್ಮಲ್ಲಿಯೂ ಕೀಲಿ ಕೈಯಲ್ಲಿದ್ದ ಮಾತ್ರಕ್ಕೆ ತಿಜೋರಿ ಅವಳದಾಗಲಿಲ್ಲ. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ಗಂಡುಸಂತಾನವಿಲ್ಲದೆ ಸತ್ತ ಗಂಡನ ಆಸ್ತಿ ವಿಧವೆಗೆ ಬರುತ್ತಿತ್ತು, ನಿಜ. ಆದರೆ ಅದು ಜೀವಿತಾವಧಿಯ ಅನುಭೋಗ. ಮನಬಂದಂತೆ ಮಾರುವ ಹಕ್ಕಿರಲಿಲ್ಲ. ಅಂಥ ಆಸ್ತಿಯ ಪೂರ್ಣ ಒಡೆತನ ದೊರೆತದ್ದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಿಂದ. ಅದಕ್ಕೂ ಬಹು ಹಿಂದಿನಿಂದ ಧರ್ಮಶಾಸ್ತ್ರ ಹೆಣ್ಣಿನ ಸ್ವಂತವೆಂದು ಒಪ್ಪಿದ್ದು ಸ್ತ್ರೀಧನವನ್ನು. ಅದರಲ್ಲೊಂದು ಬಗೆಯ ಹೆಸರೇ ‘ಪ್ರೀತಿದತ್ತ’: ಅತ್ತೆ ಮಾವಂದಿರು ಒಲವಿನಿಂದ ಕೊಟ್ಟದ್ದು. ಪ್ರೀತಿ ಇಲ್ಲಿ ಬರಿಯ ಭಾವವಲ್ಲ, ಹಕ್ಕಿನ ಆಧಾರ.

ಈ ಬೆಳಕಿನಲ್ಲಿ ಬೆಳ್ಳಿಯ ಕಾಜಲ್‌ಲತಾ ಬೇರೆಯಾಗಿ ಕಾಣುತ್ತದೆ. ಕೀಲಿಗೊಂಚಲು ಸಾರುತ್ತಿದ್ದುದು ಮನೆತನದ ಸಂಪತ್ತನ್ನು. ಅದು ಇಂದು ಇವಳ ಸೆರಗಿನಲ್ಲಿ, ನಾಳೆ ಸೊಸೆಯ ಸೆರಗಿನಲ್ಲಿ. ಒಲವಿನ ಕಾಣಿಕೆ ಮಾತ್ರ, ಎಷ್ಟೇ ಹಗುರವಾಗಿರಲಿ, ಆಪತ್ಕಾಲದಲ್ಲಿ ಒತ್ತೆಯಿಡಬಹುದಾದ ಅವಳದೇ ತೂಕ. ನಮ್ಮ ಕಡೆಯ ಸೊಂಟದ ಡಾಬು, ಕುಂಕುಮದ ಭರಣಿ, ಸುಣ್ಣದ ಡಬ್ಬಿಗಳ ಕುಸುರಿಯನ್ನು ಮೆಚ್ಚುವಾಗಲೂ ಇದೊಂದನ್ನು ಕೇಳಿಕೊಳ್ಳುವುದು ಒಳ್ಳೆಯದು: ಅವು ಯಾರ ಮೈಮೇಲಿದ್ದವು ಎಂದಲ್ಲ, ಯಾರವಾಗಿದ್ದವು ಎಂದು.