ನಮ್ಮ ಅಡ್ಡಹೆಸರಿಗೆ ಸಿಂಹ ಬೇಕಾ?

ಹೋದ ತಿಂಗಳು ಚಿಕ್ಕೇರೂರಿನ ಚಹಾದಂಗಡಿಯಲ್ಲಿ ಪರಿಚಯದ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. ಪರದೆಯ ಮೇಲೆ ಒಂದು ಗುರಾಣಿ, ಎರಡೂ ಬದಿಗೆ ಎದ್ದು ನಿಂತ ಸಿಂಹ, ಮೇಲೆ ಕಿರೀಟ, ಕೆಳಗಿನ ಪಟ್ಟಿಯಲ್ಲಿ 'ಉಳ್ಳಾಗಡ್ಡಿ' ಎಂಬ ಹೆಸರು.

"ಅಣ್ಣಾ, ನಮ್ಮ ಮನೆತನದ ಲಾಂಛನ ಸಿಕ್ಕೈತಿ. ಅಕ್ಕನ ಮದುವಿ ಕಾರ್ಡಿನ ಮ್ಯಾಲ ಹಾಕಸ್ತೀನಿ" ಎಂದ. ಅಡ್ಡಹೆಸರು ಟೈಪ್ ಮಾಡಿದರೆ ಚಿತ್ರ ಬರುತ್ತದೆ, ರೊಕ್ಕ ಕಟ್ಟಿದರೆ ದೊಡ್ಡದಾಗಿ ಕಳಿಸುತ್ತಾರಂತೆ.

ಪಕ್ಕದಲ್ಲೇ ಕೂತಿದ್ದ ಅವನ ಅಜ್ಜ, "ಸಿಂಹ ಯಾಕಪಾ, ಉಳ್ಳಾಗಡ್ಡಿನ ಹಾಕಸು" ಅಂದರು. ಎಲ್ಲರೂ ನಕ್ಕೆವು. ಹುಡುಗ ನಗಲಿಲ್ಲ. "ಹಂಗಾರ ನಮಗ ಇತಿಹಾಸ ಇಲ್ಲೇನು?" ಎಂದು ಕೇಳಿದ. ಆ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಮೊದಲು ಆ ಗುರಾಣಿಯ ವಿಷಯ. ಅದು ಯುರೋಪಿನ ಪದ್ಧತಿ. ಸುಮಾರು 12ನೇ ಶತಮಾನದಲ್ಲಿ ಅಲ್ಲಿನ ಸರದಾರರು ಗುರಾಣಿಯ ಮೇಲೆ ತಮ್ಮದೇ ಗುರುತು ಬರೆಸತೊಡಗಿದರು. ಮುಖ ಮುಚ್ಚುವ ಕಬ್ಬಿಣದ ಟೊಪ್ಪಿಗೆ ಹಾಕಿದವನು ಯಾರೆಂದು ಯುದ್ಧದಲ್ಲಿ, ಪಂದ್ಯದಲ್ಲಿ ಗೊತ್ತಾಗಬೇಕಲ್ಲ. ಮುಂದೆ ಅದು ಹಕ್ಕಾಯಿತು. ಇಂಗ್ಲೆಂಡಿನಲ್ಲಿ ಇದನ್ನು ನೋಡಿಕೊಳ್ಳಲು 1484ರಲ್ಲಿ ಒಂದು ಸಂಸ್ಥೆಯೇ ಸ್ಥಾಪನೆಯಾಯಿತು, ಇವತ್ತಿಗೂ ಇದೆ. ಅದರ ನಿಯಮದ ಪ್ರಕಾರ ಲಾಂಛನ ಒಬ್ಬ ವ್ಯಕ್ತಿಗೆ ಸೇರಿದ್ದು, ಅವನ ನಂತರ ಅವನ ಸಂತತಿಗೆ. ಒಂದೇ ಅಡ್ಡಹೆಸರಿನವರೆಲ್ಲರಿಗೂ ಸೇರಿದ ಲಾಂಛನ ಅಲ್ಲಿಯೇ ಇಲ್ಲ. ಅಂದಮೇಲೆ ಉಳ್ಳಾಗಡ್ಡಿಯವರಿಗೆ ಎಲ್ಲಿಂದ ಬರಬೇಕು?

ನಮ್ಮ ದೇಶದ ಅರಸರಿಗೂ ಈ ಗುರಾಣಿಯನ್ನು ಹೊರಿಸಿದ್ದು ಬ್ರಿಟಿಷರೇ. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದರು. ಅಲ್ಲಿ ಸೇರಿದ್ದ ರಾಜರಿಗೆ ಲಾಂಛನ ಕಸೂತಿ ಮಾಡಿದ ರೇಷ್ಮೆ ಬಾವುಟ ಕೊಟ್ಟರು. ಚಿತ್ರ ರೂಪಿಸಿದವನು ರಾಬರ್ಟ್ ಟೇಲರ್ ಎಂಬ ಅಧಿಕಾರಿ.

ಹಾಗಂತ ನಮ್ಮ ಸೀಮೆಗೆ ಲಾಂಛನ ಹೊಸದಲ್ಲ. ದೂರ ಹೋಗುವುದೇ ಬೇಡ. ಹಾನಗಲ್ಲಿನ ಕದಂಬರ ಶಾಸನಗಳಲ್ಲಿ ಬಿರುದುಗಳ ಸಾಲಿನಲ್ಲೇ ಇದು ಬರುತ್ತದೆ: ಸಿಂಹ ಅವರ ಲಾಂಛನ, ವಾನರ ಅವರ ಧ್ವಜ, ಪೆರ್ಮಟ್ಟಿ ಎಂಬುದು ಅವರ ಮುಂದೆ ನುಡಿಯುತ್ತಿದ್ದ ವಾದ್ಯ. ಬಾದಾಮಿ ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ಗಂಗರದು ಆನೆ. ತಾಮ್ರಪಟಗಳನ್ನು ಪೋಣಿಸಿದ ಬಳೆಗೆ ಈ ಮುದ್ರೆ ಒತ್ತುತ್ತಿದ್ದರು. ಈಗಿನ ಸರ್ಕಾರಿ ಸೀಲ್ ಇದ್ದಂತೆ. ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿಗೆ ಹೋದವರು ಅಲ್ಲಿನ ಗಂಡಭೇರುಂಡ ಕಂಬ ನೋಡಿರುತ್ತೀರಿ. ಅದನ್ನು ನಿಲ್ಲಿಸಿದ್ದು 1047ರಲ್ಲಿ. ಎರಡು ತಲೆಯ ಅದೇ ಹಕ್ಕಿ ಮುಂದೆ ಮೈಸೂರು ಒಡೆಯರ ಲಾಂಛನವಾಯಿತು, ಈಗ ರಾಜ್ಯ ಸರ್ಕಾರದ ಕಾಗದದ ನೆತ್ತಿಯ ಮೇಲೆ ಕೂತಿದೆ.

ಆದರೆ ಒಂದು ಮಾತು ನೆನಪಿರಲಿ. ಆ ಸಿಂಹ ಅರಸರದು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ಪರವಾಗಿ ಕಾದಿ ಸತ್ತವರಿಗೆ ಸಿಂಹ ಸಿಗಲಿಲ್ಲ. ಹಾಗೆ ಕಾದಿ ಸತ್ತವರಿಗೆ ಈ ಸೀಮೆಯಲ್ಲಿ ಸಿಗುತ್ತಿದ್ದದ್ದು ವೀರಗಲ್ಲು. ನಿಮ್ಮೂರಿನ ಕೆರೆಯ ಏರಿ ಮೇಲೋ ಹನುಮಪ್ಪನ ಗುಡಿ ಹಿಂದೋ ಅಂಥದೊಂದು ನಿಂತಿರಬಹುದು. ಕೆಳಗೆ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ದಾನಶಾಸನದ ಕಲ್ಲಾದರೆ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು ಇರುತ್ತವೆ. ಸೂರ್ಯ ಚಂದ್ರ ಇರುವತನಕ ಈ ದಾನ ನಡೆಯಲಿ, ಕೆಡಿಸಿದವನಿಗೆ ಗೋಹತ್ಯೆಯ ಪಾಪ ಎಂದು ಅದರ ಅರ್ಥ. ಅದು ಒಂದು ಮನೆಯ ಗುರುತಲ್ಲ, ಊರೆಲ್ಲ ಓದುತ್ತಿದ್ದ ಗುರುತು.

ಹಾಗಾದರೆ ಸಾಮಾನ್ಯರ ಮನೆತನದ ಗುರುತು ಯಾವುದು? ನಮ್ಮ ಕಡೆ ಅದು ಚಿತ್ರವಲ್ಲ, ಮಾತು. ಅದೇ ಅಡ್ಡಹೆಸರು.

ನಮ್ಮ ಗಡಿಯಾಚೆಯ ಶಿಕಾರಿಪುರ ಸೀಮೆ 1956ರ ಮೊದಲು ಮೈಸೂರು ರಾಜ್ಯದಲ್ಲಿತ್ತು. ಅಲ್ಲಿ ಹೆಸರಿನ ಮುಂದೆ ಇನಿಷಿಯಲ್. ನಾವು ಮುಂಬೈ ಪ್ರಾಂತದಲ್ಲಿದ್ದೆವು. ಇಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಅಲ್ಲಿಂದ ಸೊಸೆ ಬಂದರೆ ರೇಷನ್ ಕಾರ್ಡು, ಆಧಾರ್ ಹೊಂದಿಸುವಷ್ಟರಲ್ಲಿ ಸಾಕುಬೇಕಾಗುವುದು ಇದಕ್ಕೇ.

ಅಡ್ಡಹೆಸರಿನಲ್ಲಿ ಏನೇನಿದೆ ನೋಡಿ. ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರ, ಅಂಬಿಗೇರ: ಕೈಕಸುಬು. ಪಾಟೀಲ, ಕುಲಕರ್ಣಿ, ದೇಸಾಯಿ, ವಾಲೀಕಾರ: ಊರಿನ ಅಧಿಕಾರ, ಚಾಕರಿ. ದೊಡ್ಡಮನಿ, ಹೊಸಮನಿ, ಹಿತ್ತಲಮನಿ, ಹುಣಸಿಮರದ, ಬಾವಿಕಟ್ಟಿ: ಮನೆ ಎಲ್ಲಿತ್ತು, ಎಂಥದಿತ್ತು. ಮೆಣಸಿನಕಾಯಿ, ಅಕ್ಕಿ, ಉಪ್ಪಿನ, ಬೆಲ್ಲದ: ಬೆಳೆದದ್ದು, ಮಾರಿದ್ದು. ಇನ್ನು ಊರಿನ ಹೆಸರು. ಸವಣೂರಿನಲ್ಲಿ ಹುಟ್ಟಿದ ವಿನಾಯಕರ ಹೆಸರಿನಲ್ಲಿ ಗೋಕಾಕ ಇದೆ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ಹೆಸರಿನಲ್ಲಿ ಹಾನಗಲ್ ಇದೆ. ಹಾನಗಲ್ಲಿನಲ್ಲೇ ಇದ್ದವರನ್ನು ಯಾರೂ ಹಾನಗಲ್ ಎಂದು ಕರೆಯುವುದಿಲ್ಲ. ಊರು ಬಿಟ್ಟ ಮೇಲೆಯೇ ಊರು ಹೆಸರಾಗುತ್ತದೆ.

ಈಗ ನನ್ನ ಮಾತು. ನನ್ನ ಅಡ್ಡಹೆಸರು ತಳವಾರ. ಊರು ಕಾಯುವುದು, ಸೀಮೆ ಕಲ್ಲು ನೋಡಿಕೊಳ್ಳುವುದು, ಗೌಡರು ಹೇಳಿದ ಕಡೆ ಓಡುವುದು ತಳವಾರಿಕೆ. ಅದಕ್ಕೆ ಒಂದಿಷ್ಟು ಚಾಕರಿ ಹೊಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಹುದ್ದೆ ಹೋಯಿತು, ಹೆಸರು ಉಳಿಯಿತು. ಡಿಪ್ಲೊಮಾ ಓದುವಾಗ ಹಾಸ್ಟೆಲ್ಲಿನಲ್ಲಿ ಗೇಟು ಹಾಕುವ ಹೊತ್ತಾದರೆ "ಏ ತಳವಾರ, ನಿನ್ನ ಡ್ಯೂಟಿ" ಎಂದು ನಗುತ್ತಿದ್ದರು. ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಅಡ್ಡಹೆಸರಿನದೇ. ಅದರೊಳಗೆ ಜಾತಿ ಹುಡುಕುವವರಿಗೆ ಅಷ್ಟು ಸಾಕು. ಒಮ್ಮೆ ಅದನ್ನು ತೆಗೆಸಿಬಿಡೋಣ ಎಂದು ಅಫಿಡವಿಟ್ ವಿಚಾರಿಸಿಯೂ ಬಂದಿದ್ದೆ.

ಆಮೇಲೆ ಓದುವಾಗ ಗೊತ್ತಾಯಿತು. ಸುಮಾರು 1,700 ವರ್ಷಗಳ ಹಿಂದಿನ, ಆಂಧ್ರದ ನಾಗಾರ್ಜುನಕೊಂಡದ ಶಾಸನಗಳಲ್ಲಿ 'ಮಹಾತಳವರ' ಎಂಬುದು ದೊಡ್ಡ ಅಧಿಕಾರಿಗಳ ಬಿರುದು. ರಾಜಮನೆತನದ ಹೆಣ್ಣುಮಕ್ಕಳನ್ನು ಮದುವೆಯಾದವರೂ ಅವರಲ್ಲಿದ್ದರು. ಓದಿ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಒಂದು ದಿನ ಕಳೆದ ಮೇಲೆ ಅನ್ನಿಸಿತು: ಪದ ಹಳೆಯದಾದರೆ ನನ್ನ ಮನೆತನ ಹಳೆಯದಾಗುತ್ತದೆಯೇ? ಅವರು ನನ್ನ ಮುತ್ತಜ್ಜರು ಎಂದು ಹೇಳಿಕೊಂಡರೆ, ಉಳ್ಳಾಗಡ್ಡಿಗೆ ಸಿಂಹ ಮಾರುವವನಿಗೂ ನನಗೂ ಏನು ಫರಕು?

ನನಗೆ ಖಾತ್ರಿ ಇರುವುದು ಇಷ್ಟು: ನನ್ನ ಅಜ್ಜ ಕಂದೀಲು ಹಿಡಿದು ರಾತ್ರಿ ಊರು ಸುತ್ತುತ್ತಿದ್ದ, ಅವನ ಧೈರ್ಯದ ಮೇಲೆ ಊರು ನಿದ್ದೆ ಮಾಡುತ್ತಿತ್ತು. ಅದು ಕೀಳಲ್ಲ. ಅದಕ್ಕೆ ಕಿರೀಟವೂ ಬೇಕಿಲ್ಲ. ಹೆಸರು ಇಟ್ಟುಕೊಂಡೆ. ಬೇಡವೆಂದು ಬಿಟ್ಟವರನ್ನೂ ನಾನು ತಪ್ಪು ಎನ್ನಲಾರೆ. ಆ ಹೆಸರಿನ ಭಾರ ಹೊತ್ತವರಿಗೇ ಗೊತ್ತು.

ಆ ದಿನ ಚಹಾದಂಗಡಿಯಲ್ಲಿ ಹುಡುಗನಿಗೆ ಹೇಳಿದ್ದು ಒಂದೇ: ರೊಕ್ಕ ಕಟ್ಟುವ ಮೊದಲು ಅಜ್ಜನನ್ನು ಕೇಳು. ಅವನು ಕೇಳಿದ. ಅಜ್ಜ ಹೇಳಿದರು: "ನಮ್ಮ ಮುತ್ಯಾ ಚಕ್ಕಡಿ ತುಂಬ ಉಳ್ಳಾಗಡ್ಡಿ ಹೇರಿಕೊಂಡು ಹಾವೇರಿ ಸಂತಿಗೆ ಹೊಕ್ಕಿದ್ದ. ಬರಗಾಲದಾಗ ಬೀಜ ಕಡಾ ಕೊಟ್ಟ, ವಾಪಸ್ ಕೇಳಲಿಲ್ಲ. ಅವಾಗಿಂದ ಉಳ್ಳಾಗಡ್ಡ್ಯಾರ ಮನಿ ಅಂತಾರ." ಆ ಹುಡುಗ ಇದನ್ನು ಮೊದಲ ಸಲ ಕೇಳುತ್ತಿದ್ದ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ.

ಕಾರ್ಡಿನ ಮೇಲೆ ಸಿಂಹ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಮದುವೆ ಇನ್ನೂ ಬಾಕಿ ಇದೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಇವತ್ತು ಸಂಜೆಯೇ ಕೇಳಿ. ನಮ್ಮ ಅಡ್ಡಹೆಸರು ಬಂದದ್ದು ಹೇಗೆ, ನಾವು ಯಾವ ಊರಿಂದ ಬಂದವರು, ಅಜ್ಜಿಯ ತವರಿನ ಅಡ್ಡಹೆಸರು ಯಾವುದಿತ್ತು? ಕಲ್ಲಿನ ಮೇಲೆ ಬರೆದದ್ದು ಮಳೆಗಾಳಿಗೆ ಸಿಕ್ಕೂ ಸಾವಿರ ವರ್ಷ ಬಾಳುತ್ತದೆ. ಅಜ್ಜನ ನೆನಪಿನಲ್ಲಿ ಇರುವುದು ಅಜ್ಜ ಇರುವತನಕ ಮಾತ್ರ.