47/74-75: ಒಂದು ಸಂಖ್ಯೆಯ ಚರಿತ್ರೆ

ದಲಿತ ಸಂಘರ್ಷ ಸಮಿತಿ ಎಷ್ಟೋ ಬಣಗಳಾಗಿ ಒಡೆದಿದೆ. ಆದರೂ ಹಲವು ಬಣಗಳ ಕರಪತ್ರದ ತಲೆಯಲ್ಲಿ ಇವತ್ತಿಗೂ ಅದೇ ನೋಂದಣಿ ಸಂಖ್ಯೆ: 47/74-75. 1973ರಲ್ಲಿ ಬಿ. ಬಸವಲಿಂಗಪ್ಪನವರ ‘ಬೂಸಾ’ ಮಾತಿನ ನೆಪದಲ್ಲಿ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ಆ ನೋವಿನಿಂದೆದ್ದ ಸಂಘಟನೆಯನ್ನು ಕಟ್ಟಿದವರಲ್ಲಿ ಮುಂದಿದ್ದವರು ಭದ್ರಾವತಿಯ ಕನ್ನಡ ಮೇಷ್ಟ್ರು ಪ್ರೊ. ಬಿ. ಕೃಷ್ಣಪ್ಪ. ನವುಲೆಯಿಂದ ಭದ್ರಾವತಿಗೆ ಒಂದು ತಾಸಿನ ಹಾದಿ. ನವುಲೆಯ ಕಾಲೇಜುಗಳ ಎಷ್ಟು ಮಕ್ಕಳಿಗೆ ಇದು ಗೊತ್ತು?

ಗೊತ್ತಾಗೋದಾದರೂ ಎಲ್ಲಿಂದ? ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ವಿದ್ವಾಂಸರು ಬರೆದರು, ನಾವು ಓದಿದೆವು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, ಯಾರು ಬೇಕಾದರೂ ಬರೀಬಹುದು ಅಂತು. 2013ರಿಂದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿಯೇ ಅದಕ್ಕೆ ಬರೆದರು.

ಬಾಗಿಲೇನೋ ತೆರೆದಿದೆ, ಹೊಸ್ತಿಲು ಮಾತ್ರ ಎತ್ತರ. ಪ್ರಕಟವಾದ ಆಧಾರ ತೋರಿಸು ಅನ್ನುತ್ತದೆ ವಿಕಿಪೀಡಿಯ. ನಮ್ಮ ಚರಿತ್ರೆ ಇರೋದು ಹೋರಾಟದ ಹಾಡಿನಲ್ಲಿ, ಗೋಡೆಬರಹದಲ್ಲಿ, ಕೇರಿಯ ನೆನಪಿನಲ್ಲಿ. ಅಕ್ಷರವನ್ನೇ ಕೊಡದಿದ್ದವರು ಅಕ್ಷರದ ಸಾಕ್ಷಿ ಕೇಳಿದಂತಿದೆ ಇದು. ಹಾಗಂತ ನಿಯಮವನ್ನು ಬೈದು ಸುಮ್ಮನೆ ಕೂತರೆ ಆಗದು. ನಮ್ಮ ಮೇಲಿನ ಸುಳ್ಳನ್ನು ಅಳಿಸೋದಕ್ಕೂ ಅದೇ ನಿಯಮ ಬೇಕು.

ಸಾಮಾಜಿಕ ನ್ಯಾಯ ಓದುವ ವಿದ್ಯಾರ್ಥಿಗಳು ‘ಪಂಚಮ’ದ ಹಳೆಯ ಸಂಚಿಕೆ ಹುಡುಕಲಿ. ಹಿರಿಯ ಕಾರ್ಯಕರ್ತರ ಮಾತು ಬರೆದುಕೊಂಡು ಅಚ್ಚು ಹಾಕಿಸಲಿ. ಆಮೇಲೆ ಪುಟ ತಿದ್ದಲಿ. ಕೃಷ್ಣಪ್ಪನವರು 1997ರಲ್ಲೇ ತೀರಿಕೊಂಡರು. ಅವರ ಜೊತೆ ನಡೆದವರಿಗೂ ವಯಸ್ಸಾಗಿದೆ. ಕೇಳೋದಿದ್ದರೆ ಈಗಲೇ ಕೇಳಬೇಕು.