ಕೊಚ್ಚಿಯ ಆಲಯಗಳು ಕಲಿಸುವ ಜೀರ್ಣೋದ್ಧಾರ ಧರ್ಮ

ಕೇರಳದ ಪ್ರಾಚೀನ ಬಂದರು ಕೊಡುಂಗಲ್ಲೂರು. 1341ರ ಮಹಾಪೂರದಲ್ಲಿ ಅದು ಹೂಳು ತುಂಬಿ ಕೆಟ್ಟು, ದಕ್ಷಿಣದ ಕೊಚ್ಚಿಯಲ್ಲಿ ಆಳವಾದ ಅಳಿವೆ ತೆರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಕರಿಮೆಣಸಿನ ವ್ಯಾಪಾರವು ಅತ್ತ ತಿರುಗಿತು. ವ್ಯಾಪಾರದೊಡನೆ ನಾನಾ ದೇಶಗಳ, ನಾನಾ ಮತಗಳ ಜನರು ಬಂದು ನೆಲೆಸಿದರು. ಇಂದು ಕೊಚ್ಚಿಗೆ ಹೋಗುವ ಯಾತ್ರಿಕನು ಒಂದೇ ದಿನದಲ್ಲಿ ಆ ಎಲ್ಲರ ಆಲಯಗಳನ್ನೂ ನೋಡಬಹುದು.

ಕೋಟೆ ಪ್ರದೇಶದ ಸಂತ ಫ್ರಾನ್ಸಿಸರ ಇಗರ್ಜಿ ಪೋರ್ಚುಗೀಸರದು. 1524ರಲ್ಲಿ ಕೊಚ್ಚಿಯಲ್ಲಿ ಮೃತನಾದ ವಾಸ್ಕೋ ಡ ಗಾಮನನ್ನು ಹೂಳಿದ್ದು ಇಲ್ಲಿಯೇ. ಅವನ ಅಸ್ಥಿಗಳನ್ನು ಅನಂತರ ಪೋರ್ಚುಗಲ್ಲಿಗೆ ಒಯ್ಯಲಾಯಿತು. 1663ರಲ್ಲಿ ಡಚ್ಚರು, 1795ರಲ್ಲಿ ಆಂಗ್ಲರು ನಗರವನ್ನು ಗೆದ್ದರು. ಒಡೆಯರು ಬದಲಾದಂತೆಲ್ಲ ಇಗರ್ಜಿಯ ಪಂಥವೂ ಬದಲಾಯಿತು. ಗೆದ್ದವರಲ್ಲಿ ಯಾರೂ ಉಳಿಯಲಿಲ್ಲ.

ಸಮೀಪದ ಮಟ್ಟಾಂಚೇರಿಯ ಕಥೆ ಬೇರೆ. ಪೋರ್ಚುಗೀಸರ ಉಪಟಳಕ್ಕೆ ಸಿಕ್ಕಿದ ಯಹೂದ್ಯರಿಗೆ ಕೊಚ್ಚಿಯ ಅರಸನು ತನ್ನ ಅರಮನೆಯ ಮಗ್ಗುಲಲ್ಲೇ ನೆಲವನ್ನಿತ್ತನು. 1568ರಲ್ಲಿ ಅಲ್ಲಿ ಪರದೇಶಿ ಪ್ರಾರ್ಥನಾಲಯವು ಎದ್ದಿತು. 1662ರಲ್ಲಿ ಪೋರ್ಚುಗೀಸರು ಅದನ್ನು ಹಾಳುಗೆಡವಿದರು. ಡಚ್ಚರ ಕಾಲದಲ್ಲಿ ಅದು ಮತ್ತೆ ಮೇಲೆದ್ದಿತು. ಅರಸನು ಅನ್ಯಮತೀಯರಿಗೆ ತೋರಿದ ಈ ಆಶ್ರಯವನ್ನು ನಮ್ಮ ಶಾಸ್ತ್ರಗಳು ಅಭಯದಾನವೆಂದು ಕೊಂಡಾಡುತ್ತವೆ.

ಆದರೆ 1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪನೆಯಾದ ಮೇಲೆ ಕೊಚ್ಚಿಯ ಯಹೂದ್ಯರಲ್ಲಿ ಬಹುಪಾಲು ಮಂದಿ ಅಲ್ಲಿಗೆ ತೆರಳಿದರು. ಅವರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಸೇರಬೇಕೆಂಬುದು ನಿಯಮ. ಅಷ್ಟು ಮಂದಿಯೂ ಊರಿನಲ್ಲಿ ಉಳಿಯಲಿಲ್ಲ. ಆದರೂ ಪರದೇಶಿ ಪ್ರಾರ್ಥನಾಲಯವನ್ನು ಕಾಪಾಡುವವರಿದ್ದರು. ಅದರ ಚೀನೀ ಹಾಸುಬಿಲ್ಲೆಗಳೂ 1760ರ ಗಡಿಯಾರ ಗೋಪುರವೂ ಉಳಿದಿವೆ. ಅದೇ ಮಟ್ಟಾಂಚೇರಿಯ ಕಡವುಂಭಾಗಂ ಪ್ರಾರ್ಥನಾಲಯಕ್ಕೆ ಆ ಭಾಗ್ಯವಿರಲಿಲ್ಲ. ಅದರ ಒಳಗಿನ ಮರಗೆಲಸವು ಜೆರುಸಲೇಮಿನ ವಸ್ತುಸಂಗ್ರಹಾಲಯವನ್ನು ಸೇರಿತು. ಬರಿದಾದ ಕಟ್ಟಡವು ಉಗ್ರಾಣವಾಗಿ, 2019ರ ಮಳೆಯಲ್ಲಿ ಬಹುಭಾಗ ಕುಸಿಯಿತು. ಎರಡೂ ಒಂದೇ ಜನರ ಆಲಯಗಳು. ಒಂದನ್ನು ನೋಡಿಕೊಳ್ಳುವವರಿದ್ದರು, ಇನ್ನೊಂದಕ್ಕೆ ಇರಲಿಲ್ಲ.

ಮಟ್ಟಾಂಚೇರಿಯ ಗುಜರಾತಿ ಬೀದಿಯಲ್ಲಿ 1904ರಲ್ಲಿ ನಿರ್ಮಾಣವಾದ ಶ್ರೀ ಧರ್ಮನಾಥ ಜಿನಾಲಯವಿದೆ. ಹದಿನೈದನೆಯ ತೀರ್ಥಂಕರರ ಈ ಆಲಯದಲ್ಲಿ ಮಧ್ಯಾಹ್ನ ಪಾರಿವಾಳಗಳಿಗೆ ಕಾಳು ಹಾಕುವ ಪದ್ಧತಿಯುಂಟು. ಜೀವದಯೆಯ ಈ ಸಣ್ಣ ನಿತ್ಯಕರ್ಮವು ಹುಟ್ಟೂರನ್ನು ಬಿಟ್ಟು ಬಂದ ವಣಿಕರನ್ನು ಆಲಯದೊಡನೆ ದಿನದಿನವೂ ಬೆಸೆಯುತ್ತ ಬಂದಿದೆ.

ಕೊಚ್ಚಿಯ ಈ ಪಾಠವು ಕನ್ನಡ ಕರಾವಳಿಯ ಜೈನರಿಗೆ ಹೊಸದೇನಲ್ಲ. ಅದೇ ಕರಿಮೆಣಸಿನ ವ್ಯಾಪಾರದಿಂದ ಮೆರೆದ, ಜೈನ ರಾಣಿ ಚೆನ್ನಭೈರಾದೇವಿಯು ಆಳಿದ ಗೇರುಸೊಪ್ಪೆಯಲ್ಲಿ ನಗರವು ಅಳಿದಿದೆ. ಚತುರ್ಮುಖ ಬಸದಿಯು ಕಾಡಿನ ನಡುವೆ ನಿಂತಿದೆ. ಶಿಲೆಯು ಶತಮಾನಗಳನ್ನು ತಾಳಿಕೊಂಡಿತು. ದೀಪ ಹಚ್ಚುವ ಶ್ರಾವಕರ ಮನೆಗಳು ತಾಳಲಿಲ್ಲ.

ಹೊಸ ಜಿನಾಲಯದ ನಿರ್ಮಾಣಕ್ಕಿಂತ ಜೀರ್ಣೋದ್ಧಾರವು ಅಧಿಕ ಪುಣ್ಯಕರವೆಂಬುದು ಹಿರಿಯರ ಮಾತು. ಜೀರ್ಣೋದ್ಧಾರವೆಂದರೆ ಕೇವಲ ಗಾರೆ, ಸುಣ್ಣಗಳ ಕೆಲಸವಲ್ಲ. ನಿತ್ಯಪೂಜೆಗೆ ಆಧಾರ, ಅರ್ಚಕನಿಗೆ ಜೀವನೋಪಾಯ, ಮಕ್ಕಳಿಗೆ ಆಲಯದ ಪರಿಚಯ, ಇವೂ ಅದರ ಅಂಗಗಳೇ. ನೂತನ ಶಿಖರಕ್ಕೆ ದ್ರವ್ಯವನ್ನು ಕೂಡಿಸುವ ಮೊದಲು, ಶ್ರಾವಕರಿಲ್ಲದ ಒಂದು ಹಳೆಯ ಬಸದಿಯ ಹೊಣೆಯನ್ನು ಪ್ರತಿಯೊಂದು ಟ್ರಸ್ಟೂ ವಹಿಸಿಕೊಳ್ಳುವುದಾದರೆ ಅದಕ್ಕಿಂತ ಮಿಗಿಲಾದ ಪ್ರಭಾವನೆಯಿಲ್ಲ.